ಟ್ರೇಲರಿನ ದೀಪ, ಪದ್ಮಯ್ಯನವರ ಊಟ

ಕೋಣೆಯ ದೀಪ ಆರಿಸಿ ನಾಲ್ಕು ಹೆಜ್ಜೆ ನಡೆದ ಮೇಲೆ, ಆರಿಸಿದೆನೋ ಇಲ್ಲವೋ ಎಂಬ ಸಂಶಯದ ನಿವಾರಣೆಗಾಗಿ ಮತ್ತೆ ಹಿಂದಿರುಗುವ ಅಭ್ಯಾಸ ನನಗುಂಟು. ಮನೆಯವರು ಇದನ್ನು ಜಿಪುಣತನದ ಪರಾಕಾಷ್ಠೆಯೆಂದು ಬಗೆದಿದ್ದಾರೆ. ಓದುಗ ಮಹಾಶಯರೆ, ನಿಮ್ಮೆದುರು ನಿಜ ಹೇಳಲು ಸಂಕೋಚವೇಕೆ?

ಐವತ್ತರ ದಶಕದ ಕೊನೆಯಲ್ಲಿ ನಾನು ಸಂಚಾರಿ ಕಣ್ಣಾಸ್ಪತ್ರೆಯೊಂದರ ಕಂಪೌಂಡರನಾಗಿದ್ದೆ. ಆಸ್ಪತ್ರೆಯೆಂದರೆ ಜೀಪಿನ ಬಾಲಕ್ಕೆ ಕಟ್ಟಿದ ಟ್ರೇಲರು. ಒಳಗೊಂದು ಮಂಚ, ಔಷಧಿಯ ಕಪಾಟು, ಬ್ಯಾಟರಿಯಿಂದ ಉರಿಯುವ ದೀಪ. ಡಾಕ್ಟರು ಕಣ್ಣಿನ ಪೊರೆ ತೆಗೆಯುತ್ತಿದ್ದುದು ಆ ದೀಪದ ಕೆಳಗೆಯೇ. ಒಮ್ಮೆ ನಾವು ಮೂಡುಬಿದಿರೆಯಲ್ಲಿ ತಂಗಿದ್ದಾಗ, ಮರುದಿನ ಬೆಳಿಗ್ಗೆ ಬೆಳ್ತಂಗಡಿಯಲ್ಲಿ ಕಮಲಕ್ಕನೆಂಬ ಮುದುಕಿಯ ಸರದಿಯಿತ್ತು. ಮೊಮ್ಮಗಳ ಕೈಹಿಡಿದು ಚಾರ್ಮಾಡಿಯಿಂದ ಬರುವವಳು. ಈ ಸಲ ತಪ್ಪಿದರೆ ಇನ್ನೊಂದು ವರ್ಷ ಕತ್ತಲೆಯಲ್ಲೇ ಕಾಯಬೇಕು. ಇಂಥ ಮುನ್ನಾದಿನ ನಾನು ಟ್ರೇಲರಿನ ಮಂಚದ ಮೇಲೆ, ಅದೇ ದೀಪದ ಬೆಳಕಿನಲ್ಲಿ ಕಾದಂಬರಿಯೊಂದನ್ನು ಓದಿ ಮುಗಿಸಿದ ಸಂಭ್ರಮದಲ್ಲಿ, ದೀಪ ಆರಿಸದೆ ಪೇಟೆ ಸುತ್ತಲು ಹೋದೆ. ಸಂಜೆ ಬಂದು ನೋಡಿದರೆ ಬ್ಯಾಟರಿ ಸತ್ತಿತ್ತು. ಜೀಪು ಡಾಕ್ಟರರನ್ನು ಕರೆದುಕೊಂಡು ಬಂಟ್ವಾಳಕ್ಕೆ ಹೋಗಿತ್ತು.

ಹತ್ತಿರದಲ್ಲಿ ಬ್ಯಾಟರಿ ಚಾರ್ಜು ಮಾಡಬಲ್ಲ ಡೈನಮೊ ಇದ್ದುದು ಅಕ್ಕಿ ಗಿರಣಿಯ ಪದ್ಮಯ್ಯನವರಲ್ಲಿ. ಜೈನರಾದ ಅವರು ಹೊತ್ತು ಮುಳುಗುವ ಮೊದಲೇ ಉಣ್ಣಬೇಕೆಂದು ಗಿರಣಿಯನ್ನು ಬೇಗನೆ ಮುಚ್ಚುತ್ತಾರೆಂಬುದು ಊರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು, ಆದರೆ ಆಗ ನನ್ನ ತಲೆಯಲ್ಲಿ ಬ್ಯಾಟರಿಯಲ್ಲದೆ ಬೇರೇನೂ ಇರಲಿಲ್ಲ. ಬ್ಯಾಟರಿ ಹೊತ್ತುಕೊಂಡು ಓಡಿದಾಗ ಕೆಲಸದವರೆಲ್ಲ ಮನೆಗೆ ಹೋಗಿಯಾಗಿತ್ತು, ಪದ್ಮಯ್ಯನವರೊಬ್ಬರೇ ಬಾಗಿಲು ಹಾಕುತ್ತಿದ್ದರು. ಕಮಲಕ್ಕನ ವಿಷಯ ಕೇಳಿದ್ದೇ ತಡ, "ಅದಕ್ಕೇನು ಮಾರಾಯ್ರೆ, ಹಾಕುವ" ಎಂದು ಅವರು ತಾವೇ ಎಂಜಿನ್ ಹೂಡಿದರು. ಡೈನಮೊ ತಿರುಗಿಸುವ ಬೆಲ್ಟು ಜಾರುವ ಜಾತಿಯದು, ಯಾರಾದರೂ ಪಕ್ಕದಲ್ಲೇ ಕೂತಿರಬೇಕು.

"ನಿಮಗೆ ಇದು ಗೊತ್ತಾಗ್ಲಿಕ್ಕಿಲ್ಲ. ಊಟ ಮಾಡಿ ಬನ್ನಿ, ನಾನು ನೋಡಿಕೊಳ್ತೇನೆ" ಎಂದರು.

ವಿಧೇಯತೆಯಲ್ಲಿ, ವಿಶೇಷತಃ ಭೋಜನವಿಷಯಕ ವಿಧೇಯತೆಯಲ್ಲಿ, ನಾನೆಂದೂ ಹಿಂದೆ ಬಿದ್ದವನಲ್ಲ. ಹೋಟೆಲಿನಲ್ಲಿ ಕಂಠಪೂರ್ತಿ ಉಂಡು, ಕೃತಜ್ಞತೆಯ ಕುರುಹಾಗಿ ನಾಲ್ಕು ಬಾಳೆಹಣ್ಣು ಹಿಡಿದು, ದೀಪ ಹಚ್ಚುವ ಹೊತ್ತಿಗೆ ಮರಳಿದೆ. ಅವರು ಬೆಲ್ಟಿನಿಂದ ಕಣ್ಣು ಕೀಳದೆ, "ಅಲ್ಲಿಡಿ, ನಾಳೆ ಬೆಳಿಗ್ಗೆ ತಿನ್ತೇನೆ" ಎಂದರು. ಆಗಷ್ಟೇ ನನಗೆ ಹೊರಗಿನ ಕತ್ತಲೆ ಕಂಡಿತು.

"ಅಯ್ಯೋ, ನಿಮ್ಮ ಊಟ?"

"ಒಂದು ಹೊತ್ತಿನದ್ದು ತಾನೆ? ಆ ಅಜ್ಜಿಗೆ ಕಾಣಲಿ."

ನಾನು ಬಾಳೆಹಣ್ಣನ್ನು ಮೂಲೆಯಲ್ಲಿಟ್ಟು ಅವರ ಪಕ್ಕದಲ್ಲಿ ಕೂತೆ.

ಶಸ್ತ್ರಚಿಕಿತ್ಸೆ ಸಾಂಗವಾಗಿ ನಡೆಯಿತು. ಪಟ್ಟಿ ಬಿಚ್ಚಿದ ದಿನ ಕಮಲಕ್ಕ ಮೊಮ್ಮಗಳ ಮುಖವನ್ನು ಬಹಳ ಹೊತ್ತು ನೋಡಿ, ಬಳಿಕ ನನ್ನತ್ತ ತಿರುಗಿ, "ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ" ಎಂದು ಹರಸಿದಳು. ಆ ಹರಕೆ ಸಲ್ಲಬೇಕಾದ ಹೊಟ್ಟೆ ನನ್ನದಲ್ಲ. ಮೂಡುಬಿದಿರೆಗೆ ಹೋದಾಗ ಅದನ್ನು ಪದ್ಮಯ್ಯನವರಿಗೆ ಒಪ್ಪಿಸಿ ಕೈಮುಗಿದೆ. ಅವರು ನಕ್ಕು, "ಹೊತ್ತು ಇನ್ನೂ ಉಂಟು, ಬನ್ನಿ, ಒಟ್ಟಿಗೆ ಉಣ್ಣುವ" ಎಂದು ಒಳಗೆ ಕರೆದರು.

ಇಂದೂ ದೀಪ ಆರಿಸಿದವನು ಮತ್ತೆ ಹೋಗಿ ನೋಡಿ ಬಂದೆ. ಮನೆಯವರು ಜಿಪುಣನೆನ್ನಲಿ, ಮರೆತ ಒಂದು ದೀಪದಲ್ಲಿ ನಾನು ಒಬ್ಬರ ಊಟವನ್ನು ಉರಿಸಿದವನು.