ಮುದ್ದೆಯೊಳಗಿನ ತುಪ್ಪ

ಇವತ್ತು ತುಪ್ಪ ಕಾಯುವ ವಾಸನೆಗೆ ಭೇರ್ಯದ ನಮ್ಮ ಕೂಡುಮನೆ ನೆನಪಾಯಿತು. ಅಲ್ಲಿ ತುಪ್ಪ ಬಡಿಸುತ್ತಿದ್ದುದು ದೊಡ್ಡಮ್ಮ ಮಾತ್ರ, ಎಲ್ಲ ಮಕ್ಕಳಿಗೂ ಒಂದೇ ಅಳತೆ. ಮೈಸೂರಿನ ಕಾನ್ವೆಂಟಿನಿಂದ ರಜೆಗೆ ಬಂದ ನಾನು ಸೊರಗಿದ್ದೇನೆಂದು ಅಮ್ಮ ಒಂದು ದಿನ ನನ್ನ ಮುದ್ದೆಯೊಳಗೆ ತುಪ್ಪ ಅಡಗಿಸಿಟ್ಟಿದ್ದಳು. ಎಲ್ಲರೊಂದಿಗೆ ಸಾಲಿನಲ್ಲಿ ಕೂತು ಮುದ್ದೆ ಮುರಿದರೆ, ತುಪ್ಪ ತಟ್ಟೆಯ ತುಂಬ ಹರಿಯಿತು.

"ಇವ್ಳಿಗ್ ಮಾತ್ರ ಯಾಕ್ ದೊಡ್ಡವ್ವ?" ಎಂದ ಚಿಕ್ಕಪ್ಪನ ಮಗ.

ಬಾಗಿಲ ಮರೆಯಲ್ಲಿ ಅಮ್ಮ ತಲೆ ತಗ್ಗಿಸಿದಳು. ದೊಡ್ಡಮ್ಮ ಒಮ್ಮೆ ಅತ್ತ ನೋಡಿ, "ನಾನೇ ಇಟ್ಟಿದ್ದು ಕಣ್ಲಾ. ನಿಮ್ಗೂ ಬುಡ್ತೀನಿ, ತಡ್ಕಳಿ" ಎಂದು ತುಪ್ಪದ ಗಿಂಡಿ ತಂದರು. ನಾನು ಹರಿದ ತುಪ್ಪವನ್ನು ಮುದ್ದೆಯ ಚೂರಿನಿಂದ ಮುಚ್ಚಲು ನೋಡಿದೆ.

ಇಂದು ನಾದಿನಿಯ ಮಕ್ಕಳು ಊಟಕ್ಕೆ ಬಂದಿದ್ದಾರೆ. ತುಪ್ಪದ ಚಮಚ ಹಿಡಿದ ನನ್ನ ಕೈ ಮೊದಲು ಮಗನ ತಟ್ಟೆಗೇ ಹೊರಟಿತ್ತು. ಯಾರೂ ನೋಡಿರಲಿಲ್ಲ, ಆದರೂ ನಾಚಿ ಹಿಂದಕ್ಕೆಳೆದುಕೊಂಡೆ.