ಸೊಪ್ಪು ಕಡಿಯಿರಿ ಎಂದ ಸುಬೇದಾರರು

ಮೂವತ್ತೆಂಟು ಮಕ್ಕಳು ಒಂದೇ ಗಂಟಲಲ್ಲಿ “ಅರ್ಥ ಆಯ್ತು ಸಾರ್!” ಎಂದು ಕೂಗಿದರೆ ಯಾವ ಮೇಷ್ಟ್ರಿಗಾದರೂ ಹಿಗ್ಗಾಗುತ್ತದೆ. ಖಲೀಮುಲ್ಲಾ ಸಾಹೇಬರಿಗೆ ಹೇಸಿಗೆಯಾಗುತ್ತಿತ್ತು. ಕೊಳೆತ ಮೊಟ್ಟೆ ಒಡೆದವರ ಹಾಗೆ ಮುಖ ಕಿವುಚಿಕೊಂಡು, “ಥೂ! ಕೋಲೆಬಸವಗಳಾ, ಏನು ಅರ್ಥ ಆಯ್ತು ಹೇಳಿ ನೋಡಣ” ಎನ್ನುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ. ಅರ್ಥವಾಗಿದ್ದರೆ ತಾನೆ ಹೇಳುವುದು.

ನಾನು ಭಾನುಪ್ರಕಾಶ್. ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎನ್‌ಸಿಸಿಯ ಉಸ್ತುವಾರಿಯನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಯೂನಿಫಾರ್ಮ್ ಹಾಕಿಕೊಂಡರೆ ಹೊಟ್ಟೆ ಬೆಲ್ಟಿನ ಮೇಲೆ ಕೂರುವ ನನಗೆ ಯುದ್ಧಭೂಮಿಯ ಹುಕುಂ ಕೊಡುವುದನ್ನು ಕಲಿಸಲು ಬರುವುದಿಲ್ಲ. ಅದಕ್ಕೇ ಸಾಹೇಬರ ಮನೆಗೆ ಹೋಗಿ ಕೈಮುಗಿದೆ. ಅವರು ಇಪ್ಪತ್ತಾರು ವರ್ಷ ಕಾಲಾಳು ಪಡೆಯಲ್ಲಿದ್ದು, ನಾಯಬ್ ಸುಬೇದಾರರಾಗಿ ನಿವೃತ್ತರಾಗಿ ಊರಿಗೆ ಬಂದಿದ್ದರು. ಅವರ ತಂದೆಯದು ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕಸುಬು. “ಆ ಬೆಂದ ಹುಳದ ನಾತ ತಡೀಲಾರ್ದೆ ಫೌಜಿಗೆ ಓಡ್ಹೋದೋನು ನಾನು. ವಾಪಸ್ ಬಂದ್ರೆ ಬೀದಿ ತುಂಬ ಅದೇ ನಾತ” ಎಂದು ಮೂಗು ಮುಚ್ಚಿಕೊಂಡೇ ನನ್ನನ್ನು ಒಳಗೆ ಕರೆದರು. ಅವರ ಹೆಂಡತಿ ರಹಮತುನ್ನೀಸಾ ಚಹಾ ತಂದಿಟ್ಟು, “ಇವರದು ಎಲ್ಲಾ ರಿಟೈರ್ ಆಗಿದೆ ಭಾನು ಸಾರ್, ಮೂಗು ಒಂದೇ ಡ್ಯೂಟೀಲಿದೆ” ಎಂದರು.

ಮೊದಲ ಭಾನುವಾರವೇ ಸಾಹೇಬರು ನಮ್ಮ ಬಣ್ಣ ಬಯಲು ಮಾಡಿದರು. ಪರೀಕ್ಷೆಯಲ್ಲಿ ಕೆಡೆಟ್ ಒಬ್ಬ ಹತ್ತು ಜನರ ತಂಡಕ್ಕೆ ಹುಕುಂ ಕೊಡಬೇಕು. ಅಂಗಡಿಯಲ್ಲಿ ಸಿಗುವ ಗೈಡಿನಲ್ಲಿ ಹಿಂದಿಯಲ್ಲಿ ಒಂದು ಹುಕುಂ ರೆಡಿಯಾಗಿ ಅಚ್ಚಾಗಿದೆ. ಮುನ್ನೂರು ಗಜ ದೂರದಲ್ಲಿ ಒಂಟಿ ಮರ, ಮರದ ಬಲಕ್ಕೆ ಶತ್ರು. ಹತ್ತು ವರ್ಷದಿಂದ ನಮ್ಮ ಮಕ್ಕಳು ಅದನ್ನೇ ಗಿಣಿಪಾಠ ಒಪ್ಪಿಸಿ ಪಾಸಾಗುತ್ತಿದ್ದರು. ಸುನೀಲ್‌ಕುಮಾರ್ ಎಂಬ ಸಾದಲಿ ಕಡೆಯ ಹುಡುಗ ಶೌಚಾಲಯದ ಗೋಡೆಗೆ ಎದುರಾಗಿ ನಿಂತು ಅದನ್ನು ಗಟ್ಟಿಯಾಗಿ ಒದರಿದ.

“ಎಲ್ಲೈತಪ್ಪ ಆ ಮರ?” ಸಾಹೇಬರು ಕೇಳಿದರು.

“ಪುಸ್ತಕದಲ್ಲಿದೆ ಸಾರ್.”

ಸಾಹೇಬರು ಗೈಡನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದು ಕಸದ ಡಬ್ಬಕ್ಕೆ ಹಾಕಿದರು. ನನ್ನ ಕಡೆ ನೋಡಲೂ ಇಲ್ಲ. ಆ ಗೈಡನ್ನು ಕೊಳ್ಳಿರಿ ಎಂದು ಮಕ್ಕಳಿಗೆ ಹೇಳಿದವನು ನಾನೇ.

ಅವರು ಕಲಿಸಿದ ರೀತಿಯೇ ಬೇರೆ. ಮೈದಾನದ ಮೂಲೆಯಲ್ಲಿ ಮಣ್ಣು ಸುರಿಸಿ, ಅದರಲ್ಲೇ ಬೆಟ್ಟ, ಹಳ್ಳ, ಕೆರೆ ಕಟ್ಟಿಸಿ, ಸುಣ್ಣದ ಪುಡಿಯಲ್ಲಿ ದಾರಿ ಎಳೆದು, ಸೋಡಾ ಮುಚ್ಚಳಗಳನ್ನು ಮನೆಗಳೆಂದು ಇಡಿಸಿ, ಮಕ್ಕಳನ್ನು ಸುತ್ತ ಕೂರಿಸುತ್ತಿದ್ದರು. “ಹುಕುಂ ಕೊಡೋನು ಐದು ಮಾತು ಹೇಳ್ಬೇಕು. ಎದುರಿಗೆ ಏನೈತೆ, ನಾವೇನು ಮಾಡ್ಬೇಕು, ಹೆಂಗೆ ಮಾಡ್ಬೇಕು, ಅನ್ನ ನೀರು ಗುಂಡು ಎಲ್ಲಿಂದ ಬರ್ತದೆ, ನಾನು ಬಿದ್ರೆ ಆಮೇಲೆ ಯಾರ ಮಾತು ಕೇಳ್ಬೇಕು. ಇಷ್ಟು ಹೇಳಿ, ಅನುಮಾನ ಏನಾದ್ರೂ ಇದೆಯಾ ಅಂತ ಕೇಳ್ಬೇಕು. ಐದು ಮಾತು ಅಫ್ಸರಂದು. ಅನುಮಾನ ನಿಮ್ದು. ಅದನ್ನ ಕೇಳ್ದೇ ಹೊರಟ್ರೆ ನೀವು ಸಿಪಾಯಿ ಅಲ್ಲ, ಸಾಮಾನು.” ಹಿಂದಿಯ ಕಟ್ಟುಪಾಡನ್ನೂ ಬಿಡಿಸಿದರು. ಕನ್ನಡವೋ ತೆಲುಗೋ ಉರ್ದುವೋ, ಯಾವುದರಲ್ಲಿ ಬೈಯಲು ಬರುತ್ತದೋ ಅದರಲ್ಲಿ ಹುಕುಂ ಕೊಡಿ ಎಂದರು.

ಅನುಮಾನ ಕೇಳಿಸಬೇಕೆಂಬ ಈ ಹಟ ಎಲ್ಲಿಂದ ಬಂತೆಂದು ಕಾಲೇಜಿನಲ್ಲಿ ಕಥೆಗಳು ಹುಟ್ಟಿದವು. ಗಡಿಯಲ್ಲಿ ಯಾರೋ ಹುಕುಂ ತಿಳಿಯದೆ ಕಾಲು ಕಳೆದುಕೊಂಡರಂತೆ, ಸಾಹೇಬರು ಹೊತ್ತು ತಂದರಂತೆ. ಒಂದು ದಿನ ನಾನೇ ಕೇಳಿದೆ. “ಕಾಲೂ ಇಲ್ಲ, ಕೈಯೂ ಇಲ್ಲ. ಇಪ್ಪತ್ತಾರು ವರ್ಷ ‘ಅರ್ಥ ಆಯ್ತು ಸಾರ್’ ಅನ್ನೋ ಅದೇ ಕೂಗು ಕೇಳಿ ಕೇಳಿ ಕಿವಿ ಕೊಳೆತೋಗಿದೆ, ಅಷ್ಟೇ” ಎಂದರು.

ಹೋದ ಬೇಸಿಗೆಯಲ್ಲಿ ಸಾದಲಿಯ ಆಚೆ ಒಂದು ಗುಡ್ಡದ ಬುಡದಲ್ಲಿ ಮೂರು ದಿನದ ಶಿಬಿರ ಹಾಕಿದೆವು. ಎರಡನೇ ದಿನ ಸಂಜೆ ಸಾಹೇಬರು ನನ್ನ ಟೆಂಟಿಗೆ ಬಂದರು. “ನಾಳೆ ಬೇಕಂತ ಒಂದು ಕೆಟ್ಟ ಹುಕುಂ ಕೊಡ್ತೀನಿ ಭಾನು ಸಾರ್. ಇಪ್ಪತ್ತು ಹೆಜ್ಜೆ ಹೋಗ್ಲಿ, ನಿಲ್ಲಿಸ್ತೀನಿ. ಅಷ್ಟರಲ್ಲಿ ಒಬ್ಬನಾದ್ರೂ ಬಾಯಿ ಬಿಟ್ರೆ ನಾನು ಕಲಿಸಿದ್ದು ಸಾರ್ಥಕ” ಎಂದರು. ನಾನು ನಕ್ಕು, ಮಾಡಿ ಎಂದೆ. ಏನು ಹುಕುಂ ಎಂದು ಕೇಳಲಿಲ್ಲ.

ಬೆಳಿಗ್ಗೆ ಮಕ್ಕಳು ಸಾಲಾಗಿ ನಿಂತಿದ್ದರು. ಮುಳ್ಳು ಸವರಲು ತಂದಿದ್ದ ಕುಡುಗೋಲುಗಳು ಕೈಯಲ್ಲಿದ್ದವು. ಸಾಹೇಬರು ದಿಬ್ಬದ ಕೆಳಗೆ ಕಾಣುತ್ತಿದ್ದ ಹಿಪ್ಪುನೇರಳೆ ತೋಟದ ಕಡೆ ಕೈ ತೋರಿಸಿದರು. “ಶತ್ರು ಎದುರಿಗಿದ್ದಾನೆ, ನಾವು ಕಾಣಬಾರ್ದು. ಆ ತೋಟದ ಸೊಪ್ಪು ಕಡೀರಿ. ತಲೆಗೆ, ಬೆನ್ನಿಗೆ ಕಟ್ಕೊಳ್ಳಿ. ಮೂರೂ ಟೆಂಟು ಮುಚ್ಚಿ. ಅನುಮಾನ ಏನಾದ್ರೂ ಇದೆಯಾ?”

“ಇಲ್ಲ ಸಾರ್!”

ಮಕ್ಕಳು ಓಡಿದರು. ಸಾಹೇಬರು ಎದೆ ತುಂಬ ಉಸಿರು ಎಳೆದುಕೊಂಡು ನಿಲ್ಲಿ ಎಂದು ಕೂಗುವುದರಲ್ಲಿದ್ದರು. ಆಗ ಹೋಗಿ ಅವರ ಮೊಣಕೈ ಹಿಡಿದ ಮಹಾನುಭಾವ ನಾನು. ಮಕ್ಕಳಿಗೆ ಟೋಪಿಗಳನ್ನು ದಾನ ಮಾಡಿದ್ದ ಮುಖಂಡ ವೆಂಕಟರವಣಪ್ಪನವರು ಪ್ರಿನ್ಸಿಪಾಲರ ಜೊತೆ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಿವೃತ್ತ ಯೋಧರಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡೇ ಬೇರೆ ಕಾರ್ಯಕ್ರಮಕ್ಕೆ ಹೋಗಬೇಕಂತೆ.

“ಒಂದು ನಿಮಿಷ ಭಾನು ಸಾರ್, ಮಕ್ಕಳನ್ನ ನಿಲ್ಲಿಸ್ಬೇಕು.”

“ಎಲ್ಲಿಗೆ ಹೋಗ್ತಾರೆ ಬನ್ನಿ ಸಾಹೇಬ್ರೇ. ಪ್ರಿನ್ಸಿಪಾಲ್ರು ಬಯ್ತಾರೆ ನನ್ನ.”

ಸಾಹೇಬರು ಒಮ್ಮೆ ತೋಟದ ಕಡೆ ನೋಡಿದರು, ಒಮ್ಮೆ ಕಾರಿನ ಕಡೆ ನೋಡಿದರು. “ಆಯ್ತು” ಎಂದರು.

ಶಾಲು, ಹಾರ, ಪೇಟ. ಆಮೇಲೆ ವೆಂಕಟರವಣಪ್ಪನವರ ಭಾಷಣ. ರಸ್ತೆ ಬದಿಯಲ್ಲಿ ನಾವು ನಾಲ್ಕು ಜನ, ಒಬ್ಬ ಡ್ರೈವರ್, ಎರಡು ನಾಯಿ. ಇಷ್ಟೇ ಸಭೆಗೆ ಆ ಮನುಷ್ಯ ದೇಶಭಕ್ತಿಯ ಮೇಲೆ ಮುಕ್ಕಾಲು ಗಂಟೆ ಕೊರೆದ. ಸಾಹೇಬರ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸುಮ್ಮನಿರಿ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದೆ. ಈಗ ನೆನೆದರೆ ನನ್ನ ಕಣ್ಣಿಗೇ ಉಗಿಯಬೇಕೆನ್ನಿಸುತ್ತದೆ.

ನಾಲ್ವರೂ ಶಿಬಿರಕ್ಕೆ ವಾಪಸು ಬಂದಾಗ ಟೆಂಟುಗಳು ಕಾಣಿಸಲಿಲ್ಲ. ಮೂರು ಹಸಿರು ಗುಡ್ಡೆಗಳು ಕಂಡವು. ಮಕ್ಕಳೆಲ್ಲ ತಲೆ, ಬೆನ್ನು, ಸೊಂಟಕ್ಕೆ ಸೊಪ್ಪು ಬಿಗಿದುಕೊಂಡು ಗಿಡಗಳಾಗಿ ನಿಂತಿದ್ದರು. ಕೆಳಗಿನ ಹತ್ತು ಗುಂಟೆ ತೋಟ ಮುಂಡನ ಮಾಡಿಸಿಕೊಂಡ ತಲೆಯ ಹಾಗಿತ್ತು. ಜಂಗಮಕೋಟೆ, ಸಾದಲಿ ಸುತ್ತಿನ ಮಕ್ಕಳು. ಸೊಪ್ಪು ಕಡಿಯುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿರಿಯ ಕೆಡೆಟ್ ಚೈತನ್ಯ ಮುಂದೆ ಬಂದು ಸೆಲ್ಯೂಟ್ ಹೊಡೆದು, “ಕೆಲಸ ಮುಗೀತು ಸಾರ್” ಎಂದ. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿ ಮೊಬೈಲು ತೆಗೆದರು.

ಅಷ್ಟರಲ್ಲಿ ತೋಟದ ಒಡತಿ ಅಮ್ಮಾಜಮ್ಮ ದಿಬ್ಬ ಹತ್ತಿ ಬಂದಳು. ಅರವತ್ತು ದಾಟಿದ ಹೆಂಗಸು, ಸೊಂಟದಲ್ಲಿ ಕುಡುಗೋಲು, ತೋಳಲ್ಲಿ ಸೊಪ್ಪು ತುಂಬುವ ಖಾಲಿ ಚೀಲ. ಬಯ್ಯುತ್ತಾಳೆಂದು ನಾನು ಕಾದೆ. ಅವಳು ಮಕ್ಕಳ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ತಲೆಯ ಸೊಪ್ಪನ್ನೂ ಮುಟ್ಟಿ ನೋಡಿದಳು.

“ಯಾವೂರಪ್ಪ ನಿಂದು?”

“ಜಂಗಮಕೋಟೆ ಹತ್ರ ಅಜ್ಜಿ.”

“ಮನೇಲಿ ಹುಳ ಮೇಯಿಸ್ತೀರಾ?”

“ಹೂಂ ಅಜ್ಜಿ.”

“ನಂದು ನಿನ್ನೆ ನಾಲ್ಕನೇ ಜ್ವರ ಎದ್ದೈತೆ ಕಣಪ್ಪ. ಗೊತ್ತಲ್ಲ?”

ಹುಡುಗ ತಲೆ ತಗ್ಗಿಸಿದ. ಗೊತ್ತಿತ್ತು. ಅಲ್ಲಿದ್ದ ಮುಕ್ಕಾಲು ಪಾಲು ಮಕ್ಕಳಿಗೆ ಗೊತ್ತಿತ್ತು. ನಾಲ್ಕನೇ ಜ್ವರ ಮುಗಿಸಿ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಹುಳ ಒಂದು ವಾರ ಬಿಡುವಿಲ್ಲದೆ ತಿನ್ನುತ್ತದೆ. ಆಗ ಸೊಪ್ಪು ತಪ್ಪಿದರೆ ಅದುವರೆಗೆ ಮೇಯಿಸಿದ್ದೆಲ್ಲ ಮಣ್ಣುಪಾಲು. ಗೊತ್ತಿಲ್ಲದವರು ನಾನು, ಪ್ರಿನ್ಸಿಪಾಲರು ಮತ್ತು ಖಲೀಮುಲ್ಲಾ ಸಾಹೇಬರು. ಗೂಡು ಬಿಚ್ಚುವವರ ಮನೆಯಲ್ಲಿ ಹುಟ್ಟಿದರೂ ಅವರು ಕಂಡದ್ದು ಸಂತೆಗೆ ಬಂದ ಗೂಡನ್ನು ಮಾತ್ರ. ಬೇರೆಯವರ ತೋಟಕ್ಕೆ ಕೈ ಹಾಕುವುದು ತಪ್ಪೆಂದು ಅವರಿಗೆ ತಿಳಿದಿತ್ತು, ಎಷ್ಟು ದೊಡ್ಡ ತಪ್ಪೆಂದು ತಿಳಿದಿರಲಿಲ್ಲ.

ಟೆಂಟಿನ ಮೇಲಿನ ಸೊಪ್ಪನ್ನೇ ಹೊತ್ತುಕೊಂಡು ಹೋಗಬಹುದಲ್ಲ ಎಂದೆ ನಾನು, ಬುದ್ಧಿವಂತನ ಹಾಗೆ. ಅಮ್ಮಾಜಮ್ಮ ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತದೆ. “ಬಿಸಿಲಿಗೆ ಬಾಡೈತೆ. ಮೈಗೆಲ್ಲ ಸೊಳ್ಳೆ ಮುಲಾಮು ಬಳ್ಕೊಂಡಿದಾರೆ ಮಕ್ಳು, ಇಲ್ಲೀಗಂಟ ನಾತ ಬರ್ತೈತೆ. ಇದು ತಿಂದ್ರೆ ಹುಳ ಉಳೀತದಾ ಮೇಷ್ಟ್ರೇ?” ಎಂದಳು.

ಪ್ರಿನ್ಸಿಪಾಲರಿಗೂ ಮುಖಂಡರಿಗೂ ತಟ್ಟನೆ ಬೇರೆ ಕಾರ್ಯಕ್ರಮ ನೆನಪಾಯಿತು. ಸಾಹೇಬರು ಶಾಲನ್ನು ತೆಗೆದು ಸುರುಳಿ ಸುತ್ತಿ ನನ್ನ ಕೈಗೆ ತುರುಕಿದರು. ಮಕ್ಕಳನ್ನು ಕರೆದು, ಮನೆಗಳಿಗೆ ಹೋಗಿ ಮಧ್ಯಾಹ್ನದೊಳಗೆ ಒಂದೊಂದು ಹೊರೆ ಸೊಪ್ಪು ತನ್ನಿ ಎಂದರು.

ಮೂರು ಗಂಟೆಗೆ ಎರಡು ಆಟೋ, ನಾಲ್ಕಾರು ಬೈಕುಗಳಲ್ಲಿ ಅಮ್ಮಾಜಮ್ಮನ ಮನೆ ಮುಂದೆ ಸೊಪ್ಪು ಬಂತು. ಎಲ್ಲರ ಮನೆಯಲ್ಲೂ ಹುಳವಿದ್ದ ಕಾಲ. ಅರ್ಧಕ್ಕರ್ಧ ಮಕ್ಕಳು ಬೈಸಿಕೊಂಡು ಬರಿಗೈಯಲ್ಲಿ ಬಂದಿದ್ದರು. ಅಮ್ಮಾಜಮ್ಮ ಪ್ರತಿ ಹೊರೆಯನ್ನೂ ಬಿಚ್ಚಿಸಿ ಮೂಸಿ ನೋಡಿದಳು. ಯಾರ ತೋಟ, ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ಒಬ್ಬೊಬ್ಬರನ್ನೂ ಕೇಳಿದಳು. ಸುನೀಲ್‌ಕುಮಾರನ ಸರದಿ ಬಂದಾಗ ಅವನು ಎಂಟು ದಿನ ಎಂದ.

“ಎಂಟು ದಿನಕ್ಕೆ ವಿಷ ಇಳಿಯಲ್ಲ, ಯಾಕಪ್ಪಾ ತಂದೆ? ಹುಳ ಸಾಯ್ಲಿ ಅಂತಾನಾ?”

“ಸಾರ್ ತನ್ನಿ ಅಂದ್ರು ಅಜ್ಜಿ.”

ಸಾಹೇಬರು ಮುಖ ತಿರುಗಿಸಿಕೊಂಡರು.

ಒಳ್ಳೆಯ ಸೊಪ್ಪು ಎಷ್ಟಿತ್ತೋ ಅಷ್ಟನ್ನು ಅಳೆದು ನೋಡಿ ಅಮ್ಮಾಜಮ್ಮ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದಳು. ಆಮೇಲೆ ಎದ್ದು, “ಅರ್ಧ ಹುಳ ತೆಗೆದಾಕ್ಬೇಕು. ಎಲ್ಲಕ್ಕೂ ಅರೆಹೊಟ್ಟೆ ಹಾಕಿದ್ರೆ ಒಂದೂ ಗೂಡು ಕಟ್ಟಲ್ಲ” ಎಂದಳು. ಹೊರಗಿನವರನ್ನು ಹುಳದ ಮನೆಗೆ ಬಿಡುವ ಪದ್ಧತಿ ಇಲ್ಲ. ಆದರೂ ಸಾಹೇಬರನ್ನು ಬೂಟು ಬಿಚ್ಚಿಸಿ, ಕೈ ತೊಳೆಸಿ, ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಮೇಲೆ ನಡೆಸಿ ಒಳಗೆ ಕರೆದಳು. “ಆ ಕಡೆ ಸಾಲಿಂದು ಮಾತ್ರ ತೆಗೀರಿ ಸಾಬ್ರೇ, ಈ ಕಡೇದು ಮುಟ್ಬೇಡಿ. ತಿಪ್ಪೇಗೆ ಹಾಕಿದ್ರೆ ಕಾಗೆ ಎಳೆದಾಡ್ತವೆ. ಹಿತ್ತಲಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಸುಣ್ಣ ಹಾಕಿ, ಮಣ್ಣು ಮುಚ್ಚಿ.”

“ಗುಂಡಿ ಬಾವಿಯಿಂದ ಎಷ್ಟು ದೂರ ಇರ್ಲಮ್ಮ?” ಎಂದು ಸಾಹೇಬರು ಕೇಳಿದರು. ಅವಳು ಬೇಲಿಯ ಮೂಲೆ ತೋರಿಸಿದಳು.

ಗುಂಡಿಯನ್ನು ಅವರೊಬ್ಬರೇ ತೋಡಿದರು. ಸಹಾಯಕ್ಕೆ ಹೋದ ನನ್ನನ್ನು ಹತ್ತಿರ ಸೇರಿಸಲಿಲ್ಲ. ಬೆರಳುದ್ದದ ಬಿಳೀ ಹುಳಗಳು ಬುಟ್ಟಿ ಬುಟ್ಟಿಯಾಗಿ ಬಂದವು. ಎಲ್ಲವೂ ಜೀವಂತ. ಸೊಪ್ಪಿಗಾಗಿ ತಲೆ ಎತ್ತಿ ಎತ್ತಿ ಗಾಳಿಯಲ್ಲಿ ಹುಡುಕುತ್ತಿದ್ದವು. ಇಫ್ರಾ ಎಂಬ ಎರಡನೇ ವರ್ಷದ ಕೆಡೆಟ್ ಹುಡುಗಿ ಬುಟ್ಟಿಯ ಇನ್ನೊಂದು ಕಡೆ ಹಿಡಿದಿದ್ದಳು. ಮೂರನೇ ಬುಟ್ಟಿಯ ಹೊತ್ತಿಗೆ ಅವಳು ಬಾಯಿ ಬಿಟ್ಟಳು.

“ಸಾರ್, ಬೆಳಿಗ್ಗೆ ಯಾಕೆ ಹಂಗೆ ಹೇಳಿದ್ರಿ?”

“ತಪ್ಪು ಅಂತ ಒಬ್ರಾದ್ರೂ ಹೇಳ್ತೀರ ಅಂತ ಕಾಯ್ತಿದ್ದೆ ಕಣಮ್ಮ. ಯಾರೂ ಹೇಳ್ಲಿಲ್ಲ.”

“ಚೈತನ್ಯ ಹೇಳ್ದ ಸಾರ್. ತೋಟದ ಬದುವಲ್ಲಿ ನಿಂತ್ಕೊಂಡು, ಇದು ತಪ್ಪು ಕಣ್ರೋ, ಹೋಗಿ ಕೇಳ್ಕೊಂಡು ಬರ್ತೀನಿ ಅಂದ. ನಾವೇ ಎಲ್ಲ ಸೇರಿ ಬೈದ್ವಿ ಅವನ್ನ. ಭಾನು ಸಾರ್ ಹೇಳಿದ್ರೆ ಅನುಮಾನ ಪಡ್ಬೋದು, ಖಲೀಮ್ ಸಾರ್ ಎಲ್ಲಾದ್ರೂ ತಪ್ಪು ಹೇಳ್ತಾರೇನೋ ಅಂತ.”

ಸಾಹೇಬರ ಮುಖದಲ್ಲಿ ಅದೇ ಹಳೆಯ ಹೇಸಿಗೆ ಇತ್ತು, ಆದರೆ ನೋಟ ಯಾರ ಕಡೆಗೂ ಇರಲಿಲ್ಲ. ತಮ್ಮ ಎರಡು ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಮಣಿಕಟ್ಟಿನ ಮೇಲೆ ಒಂದು ಹುಳ ಹತ್ತಿಕೊಂಡಿತ್ತು. ಅದನ್ನು ಮೆಲ್ಲಗೆ ಬಿಡಿಸಿ ಗುಂಡಿಗೆ ಬಿಟ್ಟು, ಸುಣ್ಣ ಹಾಕಿ, ಸಲಿಕೆಯಲ್ಲಿ ಮಣ್ಣೆಳೆದರು.

“ಇನ್ನೂ ಎರಡು ಬುಟ್ಟಿ ಐತೆ ಸಾಬ್ರೇ” ಎಂದು ಅಮ್ಮಾಜಮ್ಮ ಒಳಗಿನಿಂದ ಕೂಗಿದಳು. ಅವರು ಮತ್ತೆ ಕೈ ತೊಳೆದುಕೊಂಡು ಒಳಗೆ ಹೋದರು.