ಮರದ ಉಣ್ಣೆಯ ಪಾಠ

ಬಾನ್‌ ನಗರದ ಅಂಚಿನಲ್ಲಿರುವ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಉಡುಪಿಯಿಂದ ಬಂದು, ಜರ್ಮನ್ ಕಲಿತು, ಪರೀಕ್ಷೆ ಪಾಸು ಮಾಡಿ ಕೆಲಸಕ್ಕೆ ಸೇರುವ ಹೊತ್ತಿಗೆ ಇನ್ನೊಂದು ಭಾಷೆಗೆ ತಲೆಯಲ್ಲಿ ಜಾಗವಿಲ್ಲ ಅನ್ನಿಸಿಬಿಟ್ಟಿತ್ತು. ಆದರೂ ಲಿಥುವೇನಿಯನ್ ಭಾಷೆಯ ಕೆಲವು ಪದಗಳು ನನಗೆ ಬರುತ್ತವೆ. ಎಲ್ಲವೂ ಬಟ್ಟೆಬರೆಗೆ ಸೇರಿದವು. ಅವನ್ನು ಕಲಿಸಿದ್ದು ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿದ್ದ ಒಬ್ಬ ಅಜ್ಜಿ.

ಅವರು ಲಿಥುವೇನಿಯಾದ ತಮ್ಮ ಊರಿನಲ್ಲಿ ಶಾಲೆಯ ಮಕ್ಕಳಿಗೂ ಬಟ್ಟೆ ಗಿರಣಿಯ ಕೆಲಸಗಾರರಿಗೂ ಇಂಗ್ಲಿಷ್ ಹೇಳಿಕೊಡುತ್ತಿದ್ದವರು. ಹೊರದೇಶದ ಯಂತ್ರಗಳೂ ಆರ್ಡರುಗಳೂ ಬರತೊಡಗಿದಾಗ ಗಿರಣಿಯಲ್ಲೇ ಸಂಜೆ ಕ್ಲಾಸು ಶುರುವಾಗಿತ್ತಂತೆ. ವಯಸ್ಸಾದ ಮೇಲೆ ಒಬ್ಬಳೇ ಮಗಳು ಅವರನ್ನು ಜರ್ಮನಿಗೆ ಕರೆತಂದಳು. ಮರೆವಿನ ಕಾಯಿಲೆ ಹೆಚ್ಚಾಗಿ, ಒಲೆ ಹಚ್ಚಿಟ್ಟು ಬೀದಿಗೆ ಹೊರಟುಬಿಡುವುದು ಶುರುವಾದಾಗ ಬೇರೆ ದಾರಿ ಕಾಣದೆ ನಮ್ಮಲ್ಲಿಗೆ ಸೇರಿಸಿದಳು. ಆಗಲೇ ಅವರ ಅಷ್ಟಿಷ್ಟು ಜರ್ಮನ್ ಅಳಿಸಿಹೋಗಿತ್ತು. ಇಂಗ್ಲಿಷ್ ಇನ್ನೂ ಇತ್ತು. ಹಾಗಾಗಿ ಅವರನ್ನು ನೋಡಿಕೊಳ್ಳುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತಿತ್ತು.

ಮೊದಲ ದಿನ ಸ್ವೆಟರ್ ತೊಡಿಸಲು ಹೋದಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಇದು ಏನು?"

"ಸ್ವೆಟರ್."

"ಯಾವುದರಿಂದ ಮಾಡಿದ್ದು ಅಂತ ಕೇಳಿದೆ."

"ವೂಲ್."

"ಸರಿ. ವೂಲ್ ಎಂದರೆ ವಿಲ್ನಾ. ಹೇಳು."

ಹೇಳಿದೆ. ಅವರಿಗೆ ಸಮಾಧಾನವಾಯಿತು, ತೋಳು ಚಾಚಿದರು. ಅಂದಿನಿಂದ ನಾನು ಅವರನ್ನು ಟೀಚರ್ ಎಂದೇ ಕರೆದೆ. ಬಟ್ಟೆ ಬದಲಿಸುವ ಸಮಯ ಎಂದರೆ ಪಾಠದ ಸಮಯ. ಥ್ರೆಡ್ ಎಂದರೆ ಸ್ಯೂಲಸ್. ಕಾಟನ್ ಎಂದರೆ ಮೆದ್‌ವಿಲ್ನೆ. ಹಾಸಿಗೆಯ ಚಾದರವನ್ನು ಬೆರಳಲ್ಲಿ ಹಿಸುಕುತ್ತಾ ಅವರು ವಿವರಿಸಿದ್ದರು: "ನಮ್ಮ ಚಳಿಯಲ್ಲಿ ಹತ್ತಿ ಎಲ್ಲಿ ಬೆಳೆಯಬೇಕು? ನಮ್ಮ ಜನ ಕಂಡದ್ದು ಕುರಿ. ಅದಕ್ಕೇ ಮರದ ಉಣ್ಣೆ ಅಂತ ಹೆಸರಿಟ್ಟರು." ಹತ್ತಿಗೆ ಜರ್ಮನರು ಹೇಳುವ ಬೌಮ್‌ವೊಲ್ಲೆಯೂ ಅದೇ ಅರ್ಥದ್ದು ಎಂದು ನನಗೆ ಹೊಳೆದದ್ದು ಆವತ್ತು. ನಮ್ಮಲ್ಲಿ ಅದಕ್ಕೆ ಹತ್ತಿ ಅನ್ನುತ್ತೇವೆ ಎಂದೆ. "ಹತ್ತಿ" ಎಂದು ಅವರು ಒಮ್ಮೆ ಹೇಳಿ ನೋಡಿ, "ಚಿಕ್ಕದಾಗಿದೆ, ಒಳ್ಳೆಯದು" ಎಂದರು.

ಮಂಗಳೂರಿನ ನನ್ನ ಸಹೋದ್ಯೋಗಿ ನಗುತ್ತಿದ್ದಳು. "ಎಂತ ಮಾರಾಯ್ತಿ, ಶಿಫ್ಟ್ ಮುಗಿದ್ರೂ ನಿಂದು ಕ್ಲಾಸ್ ಮುಗಿಯುದಿಲ್ವಾ? ಬಸ್ ಹೋಗ್ತದೆ ನೋಡು."

ಮಗಳು ಭಾನುವಾರ ಬರುತ್ತಿದ್ದಳು. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಮ್ಯಾನ್‌ಹೈಮ್‌ನಿಂದ ರೈಲಿನಲ್ಲಿ ಬಂದು ತಾಯಿಯ ಎದುರು ಕೂತು ತಮ್ಮ ಭಾಷೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. ಮೊದಮೊದಲು ಟೀಚರ್ ಉತ್ತರ ಕೊಡುತ್ತಿದ್ದರು. ಚಳಿಗಾಲದ ಒಂದು ಭಾನುವಾರ ಅವರು ನನ್ನನ್ನು ಹತ್ತಿರ ಕರೆದು, ಮಗಳ ಕಡೆ ಕಣ್ಣು ತೋರಿಸಿ, ಇಂಗ್ಲಿಷಿನಲ್ಲಿ ಕೇಳಿದರು: "ಇವರು ಯಾವ ಹುಡುಗಿಯ ತಾಯಿ? ದೂರು ಹೇಳಲು ಬಂದಿದ್ದಾರಾ?"

ಮಗಳಿಗೆ ಅದು ಕೇಳಿಸಿತು. ತಾಯಿಯ ಮೊಣಕಾಲ ಮೇಲೆ ಕೈಯಿಟ್ಟು ಏನೋ ಹೇಳಿದಳು. ನಾನೇ ನಿನ್ನ ಮಗಳು ಎಂದಿರಬೇಕು. ಟೀಚರ್ ಆ ಕೈಯನ್ನು ನಯವಾಗಿ ಸರಿಸಿ ಉತ್ತರಿಸಿದರು. ಮಗಳು ಎದ್ದು ಕಾರಿಡಾರಿಗೆ ಹೋದಳು. ನಾನೂ ಹಿಂದೆ ಹೋದೆ.

"ನನ್ನ ಮಗಳು ಚಿಕ್ಕವಳು, ಅಜ್ಜಿಯ ಮನೆಯಲ್ಲಿದ್ದಾಳೆ ಅಂದರು" ಎಂದು ಅವಳು ಗೋಡೆ ನೋಡುತ್ತಾ ಹೇಳಿದಳು. "ನಿಜ. ನಾನು ಅಜ್ಜಿಯ ಮನೆಯಲ್ಲೇ ಇದ್ದೆ. ಅಮ್ಮನಿಗೆ ಹಗಲು ಶಾಲೆ, ಸಂಜೆ ಗಿರಣಿ. ಇಂಗ್ಲಿಷನ್ನು ನಾನು ಟೀವಿ ನೋಡಿ ಕಲಿತೆ. ಅವರ ಕ್ಲಾಸಿನಲ್ಲಿ ಒಂದು ದಿನವೂ ಕೂತಿಲ್ಲ."

ನನ್ನ ಬಾಯಿಗೆ ಬಂದದ್ದು ಇಷ್ಟೇ: "ಹಾಗಾದರೆ ಇವತ್ತು ಕೂರಿ. ನಾನೂ ಕೂರುತ್ತೇನೆ."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಸಿಟ್ಟು ಬಂತೇನೋ ಎಂದುಕೊಂಡೆ. ಆದರೆ ಮುಖ ಒರೆಸಿಕೊಂಡು ನನ್ನ ಜೊತೆ ಒಳಗೆ ಬಂದಳು. ಎರಡು ಕುರ್ಚಿ ಪಕ್ಕಪಕ್ಕ ಎಳೆದು ಕೂತೆವು.

"ಟೀಚರ್, ಕ್ಲಾಸಿಗೆ ಹೊಸಬರು ಬಂದಿದ್ದಾರೆ" ಎಂದೆ.

ಟೀಚರ್ ಬೆನ್ನು ನೆಟ್ಟಗೆ ಮಾಡಿದರು. ಹೆಸರು ಕೇಳಿದರು. ಮಗಳು ತನ್ನ ಹೆಸರು ಹೇಳಿದಳು. "ಚೆಂದದ ಹೆಸರು. ನನ್ನ ಮಗಳದ್ದೂ ಅದೇ" ಎಂದು ಹೇಳಿ ಇಂಗ್ಲಿಷ್ ಪಾಠ ಶುರು ಮಾಡಿದರು. ಕಾಟನ್, ವೂಲ್ ಸುಸೂತ್ರವಾಗಿ ಮುಗಿದವು. ಥ್ರೆಡ್ ಬಂದಾಗ ಮಗಳು ಟ್ರೆಡ್ ಎಂದಳು. ಟೀಚರ್ ಅಲ್ಲ ಎಂದು ತಲೆಯಾಡಿಸಿದರು. ಅವಳು ಮತ್ತೆ ಟ್ರೆಡ್ ಎಂದಳು. ಟೀಚರ್ ಮುಂದಕ್ಕೆ ಬಾಗಿ ಮಗಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು ತೋರಿಸಿದರು. "ಹೀಗೆ. ನಾಚಿಕೆ ಬೇಡ. ನನ್ನ ಬಾಯಿ ನೋಡು."

ಮಗಳು ನೋಡುತ್ತಿದ್ದಳು. ಅವಳ ಕಣ್ಣಿಂದ ನೀರು ಇಳಿದು ಟೀಚರ ಬೆರಳಿಗೆ ತಾಗಿತು. "ಅಳುವಂಥದ್ದೇನಿಲ್ಲ" ಎಂದರು ಟೀಚರ್, "ಮೊದಲು ಎಲ್ಲರಿಗೂ ಇದು ಕಷ್ಟ."

ಅಲ್ಲಿಂದ ಮುಂದೆ ಮಗಳು ಪ್ರತಿ ವಾರವೂ ವಿದ್ಯಾರ್ಥಿಯಾಗಿಯೇ ಬಂದಳು. ಬೇಕೆಂದೇ ತಪ್ಪು ಹೇಳುತ್ತಿದ್ದಳೋ ಅಥವಾ ನಿಜಕ್ಕೂ ಬರುತ್ತಿರಲಿಲ್ಲವೋ ನಾನು ಕೇಳಲಿಲ್ಲ. ನಿಧಾನವಾಗಿ ಪಾಠ ಸೊರಗತೊಡಗಿತು. ಕಾಟನ್ ಹೋಯಿತು, ಚಾದರ ತೋರಿಸಿದರೂ ವಿಲ್ನಾ ಎಂದರು. ಆಮೇಲೆ ಇಂಗ್ಲಿಷ್ ಪೂರ್ತಿ ಹೋಯಿತು. ನೀರು ಬೇಕಿದ್ದರೂ ವಿಲ್ನಾ, ನೋವಾದರೂ ವಿಲ್ನಾ. ಈಗ ಇಬ್ಬರೂ ಪದ ಹೇಳಿಕೊಡುತ್ತಿದ್ದೆವು, ಟೀಚರ್ ನಮ್ಮ ತುಟಿಗಳನ್ನು ನೋಡುತ್ತಿದ್ದರು.

ಮಾರ್ಚ್‌ ತಿಂಗಳಲ್ಲಿ ನ್ಯುಮೋನಿಯಾ ಆಯಿತು. ಬೆಳಗಿನ ಶಿಫ್ಟಿನಲ್ಲಿ ನಾನೇ ಪಕ್ಕದಲ್ಲಿದ್ದೆ. ಮಗಳು ರೈಲಿನಲ್ಲಿದ್ದಳು, ಅದು ದಾರಿಯಲ್ಲಿ ಎಲ್ಲೋ ನಿಂತುಬಿಟ್ಟಿತ್ತು. ಅವಳು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಕೋಟನ್ನೂ ಬಿಚ್ಚದೆ ಕೇಳಿದಳು: "ಏನಾದರೂ ಹೇಳಿದರಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ. ನಿದ್ದೆಯಲ್ಲೇ ಇದ್ದರು" ಎಂದೆ.

ಅವಳು ತಲೆಯಾಡಿಸಿದಳು. ನಾವಿಬ್ಬರೂ ಸೇರಿ ಟೀಚರ ಮೈ ಒರೆಸಿ, ಬಟ್ಟೆ ತೊಡಿಸಿದೆವು. ಯಾರೂ ಯಾವ ಪದವನ್ನೂ ಹೇಳಲಿಲ್ಲ.

ಕೋಣೆ ಖಾಲಿ ಮಾಡಲು ಬಂದ ದಿನ ಮಗಳು ನನಗೊಂದು ಕಾಫಿ ಕುಡಿಸಿದಳು. ಅಮ್ಮನ ಬೂದಿಯನ್ನು ಊರಿಗೆ ಒಯ್ದು ಅಜ್ಜಿಯ ಸಮಾಧಿಯ ಪಕ್ಕ ಇಡುತ್ತೇನೆ ಎಂದಳು. ಕಪ್ಪು ತಿರುಗಿಸುತ್ತಾ, "ವಿದ್ಯಾರ್ಥಿಯಾಗಿ ನಾನು ಅವರಿಗೆ ಇಷ್ಟವಾಗಿದ್ದೆ, ಅಲ್ಲವೇ?" ಎಂದು ಕೇಳಿದಳು.

"ತುಂಬಾ" ಎಂದೆ. ಅದು ನಿಜವಾಗಿತ್ತು. ಮಗಳಾಗಿ ಇಷ್ಟವಾಗಿದ್ದೆನೇ ಎಂದು ಅವಳು ಕೇಳಲಿಲ್ಲ. ಬಸ್ ಸ್ಟಾಪಿನ ತನಕ ಅವಳ ಒಂದು ಬ್ಯಾಗು ಹಿಡಿದುಕೊಂಡು ಹೋದೆ. ಬಸ್ಸು ಹೊರಟಾಗ ಅವಳು ತಿರುಗಿ ನೋಡಲಿಲ್ಲ, ನಾನೂ ಕೈ ಬೀಸಲಿಲ್ಲ.

ಮರುವಾರ ಆ ಕೋಣೆಗೆ ಒಬ್ಬ ಅಜ್ಜ ಬಂದರು, ಇದೇ ಊರಿನಲ್ಲಿ ಟ್ರಾಮ್ ಓಡಿಸುತ್ತಿದ್ದವರು. ಹಾಸಿಗೆಯನ್ನು ಕಿಟಕಿಯ ಕಡೆ ತಿರುಗಿಸಿಕೊಡಿ ಎಂದರು. ಸಹೋದ್ಯೋಗಿಯನ್ನು ಕರೆದೆ. ಇಬ್ಬರೂ ಸೇರಿ ಮಂಚ ಎಳೆದೆವು.